ಇಬ್ಬರು ನಾಯಕಿಯರು, ಒಂದೇ ಪ್ರಶ್ನೆ: ಷಾರ್ಲಟ್ ಎಡ್ವರ್ಡ್ಸ್ ಪ್ರಕರಣ

2016ರ ಮಾರ್ಚ್ 17. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಮಹಿಳೆಯರ ಟಿ20 ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮತ್ತು ಬಾಂಗ್ಲಾದೇಶದ ಪಂದ್ಯ. ಇಂಗ್ಲೆಂಡ್ ಪರ ಇನಿಂಗ್ಸ್ ಶುರು ಮಾಡಿದವರು 36 ವರ್ಷದ ನಾಯಕಿ ಷಾರ್ಲಟ್ ಎಡ್ವರ್ಡ್ಸ್. 60 ರನ್ ಹೊಡೆದರು. ತಂಡ 36 ರನ್‌ಗಳಿಂದ ಗೆದ್ದಿತು. ಹತ್ತು ದಿನ ಬಿಟ್ಟು ಚೆನ್ನೈನಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 77. ಆ ಟೂರ್ನಿಯಲ್ಲಿ ಅವರದ್ದು ಒಟ್ಟು 202 ರನ್. ಇಂಗ್ಲೆಂಡ್ ತಂಡದಲ್ಲಿ ಬೇರೆ ಯಾರೂ ಅಷ್ಟು ಹೊಡೆದಿರಲಿಲ್ಲ.

ಮೇ 11ರ ಹೊತ್ತಿಗೆ ಅವರ ಅಂತರರಾಷ್ಟ್ರೀಯ ಕ್ರಿಕೆಟ್ ಮುಗಿದಿತ್ತು.

ಫಾರ್ಮ್ ಹೋಗಿರಲಿಲ್ಲ. ಆಡುವ ಆಸೆಯೂ ಹೋಗಿರಲಿಲ್ಲ. ಹೊಸ ಕೋಚ್ ಬಂದಿದ್ದರು, ಹೊಸ ತಂಡ ಕಟ್ಟಬೇಕೆಂದಿದ್ದರು, ಆ ತಂಡದಲ್ಲಿ ಎಡ್ವರ್ಡ್ಸ್‌ಗೆ ಜಾಗ ಇರಲಿಲ್ಲ. ಹತ್ತು ವರ್ಷ ನಾಯಕಿಯಾಗಿದ್ದವರು ಪತ್ರಕರ್ತರ ಮುಂದೆ ಕಣ್ಣೀರು ಹಾಕಿ ನಿವೃತ್ತಿ ಹೇಳಿದರು. ಒಂಬತ್ತು ವರ್ಷ ಕಳೆದ ಮೇಲೆ, 2025ರ ಏಪ್ರಿಲ್ 1ರಂದು, ಅದೇ ಇಂಗ್ಲೆಂಡ್ ತಂಡಕ್ಕೆ ಅವರೇ ಹೆಡ್ ಕೋಚ್ ಆದರು. ಬಂದ ಮೊದಲ ದಿನವೇ ಅವರ ಮುಂದೆ ನಿಂತದ್ದು 2016ರ ಅದೇ ಪ್ರಶ್ನೆ. ನಾಯಕಿಯ ಸ್ಥಾನ ಕಳೆದುಕೊಂಡ ಹಿರಿಯ ಆಟಗಾರ್ತಿಯನ್ನು ಏನು ಮಾಡಬೇಕು?

ಈ ಬರಹದಲ್ಲಿ ನಾನು ನೋಡಬೇಕೆಂದಿರುವುದು ಅದೊಂದನ್ನೇ. ಸಂಜೆ ಹೊತ್ತು ಹುಡುಗಿಯರಿಗೆ ಕ್ರಿಕೆಟ್ ಹೇಳಿಕೊಡುವ ನನ್ನಂಥವರಿಗೆ ಇದು ದೂರದ ಇಂಗ್ಲೆಂಡಿನ ಸಂಗತಿ ಅನ್ನಿಸುವುದಿಲ್ಲ. ಪ್ರತಿ ವರ್ಷ ಒಬ್ಬಳಿಗಾದರೂ "ಈ ಸಲ ನೀನಿಲ್ಲಮ್ಮ" ಅಂತ ಹೇಳಲೇಬೇಕಾಗುತ್ತದೆ. ಹೇಗೆ ಹೇಳುವುದು, ಎಷ್ಟು ಬಾಗಿಲು ಮುಚ್ಚುವುದು ಎಂಬುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಆಟಗಾರ್ತಿಯ ದಿನಗಳು

ಎಡ್ವರ್ಡ್ಸ್ ಹುಟ್ಟಿದ್ದು 1979ರ ಡಿಸೆಂಬರ್ 17ರಂದು, ಹಂಟಿಂಗ್ಡನ್‌ನಲ್ಲಿ. ಆಲೂಗಡ್ಡೆ ಬೆಳೆಯುವ ರೈತರ ಮನೆ. ಅಪ್ಪ ಕ್ಲಬ್ ಕ್ರಿಕೆಟ್ ಆಡುತ್ತಿದ್ದರು, ಮಗಳು ಗಂಡು ಹುಡುಗರ ತಂಡಗಳಲ್ಲಿ ಆಡುತ್ತಾ ಬೆಳೆದರು. 1996ರಲ್ಲಿ ಗಿಲ್ಡ್‌ಫರ್ಡ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ವಯಸ್ಸು 16. ಆಗ ಇಂಗ್ಲೆಂಡ್ ಮಹಿಳಾ ಕ್ರಿಕೆಟ್ ಪುರುಷರ ಮಂಡಳಿಯ ಜೊತೆ ಸೇರಿರಲೇ ಇಲ್ಲ. ಅದು ಆದದ್ದು 1998ರಲ್ಲಿ. ಪ್ಯಾಂಟ್ ಇರಲಿಲ್ಲ, ಲಂಗದ ಥರದ ಉಡುಪಿನಲ್ಲಿ ಆಡಬೇಕಿತ್ತು. ದೇಶದ ಬ್ಲೇಜರ್‌ಗೂ ತಮ್ಮ ಕೈಯಿಂದಲೇ ದುಡ್ಡು ಕೊಟ್ಟರು.

ಭಾರತಕ್ಕೂ ಅವರಿಗೂ ನಂಟು ಶುರುವಾದದ್ದು 1997ರ ವಿಶ್ವಕಪ್‌ನಲ್ಲಿ. ಡಿಸೆಂಬರ್ 16ರಂದು ಪುಣೆಯಲ್ಲಿ ಐರ್ಲೆಂಡ್ ವಿರುದ್ಧ ಔಟಾಗದೆ 173 ಹೊಡೆದರು. ಮರುದಿನ ಅವರಿಗೆ 18 ತುಂಬಿತು. ಅದು ದೊಡ್ಡ ದಾಖಲೆಯಾಗಿ ಬಹಳ ಕಾಲ ಉಳಿಯಬೇಕಿತ್ತು. ಆದರೆ ಅದೇ ದಿನ ಮುಂಬೈಯಲ್ಲಿ ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ ಡೆನ್ಮಾರ್ಕ್ ವಿರುದ್ಧ ಔಟಾಗದೆ 229 ಹೊಡೆದಿದ್ದರು.

ಮುಂದಿನ ಕಥೆ ಬಹಳ ಜನರಿಗೆ ಗೊತ್ತಿರುವುದೇ. 2006ರಲ್ಲಿ ಪೂರ್ಣಾವಧಿ ನಾಯಕಿ. 2009ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ಏಕದಿನ ವಿಶ್ವಕಪ್, ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಮಹಿಳಾ ಟಿ20 ವಿಶ್ವಕಪ್. ಎರಡು ಫೈನಲ್‌ನಲ್ಲೂ ಸೋತದ್ದು ನ್ಯೂಜಿಲೆಂಡ್. ಮೂರು ಬಗೆಯ ಕ್ರಿಕೆಟ್ ಸೇರಿ 220 ಪಂದ್ಯಗಳಲ್ಲಿ ಅವರೇ ನಾಯಕಿ. ಒಟ್ಟು 23 ಟೆಸ್ಟ್, 191 ಏಕದಿನ, 95 ಟಿ20. ರನ್ 10,273.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಬೇರೆ ಇದೆ. ಈ ಇಪ್ಪತ್ತು ವರ್ಷಗಳಲ್ಲಿ ಜಾಸ್ತಿ ಕಾಲ ಅವರು ವೃತ್ತಿಪರ ಆಟಗಾರ್ತಿ ಆಗಿರಲಿಲ್ಲ. ಬ್ಯಾಟ್ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿದರು. 2008ರಲ್ಲಿ ಇಂಗ್ಲೆಂಡ್ ಮಂಡಳಿ ಆಟಗಾರ್ತಿಯರಿಗೆ ಸಂಬಳ ಕೊಡಲು ಒಂದು ದಾರಿ ಹುಡುಕಿತು. ಚಾನ್ಸ್ ಟು ಶೈನ್ ಎಂಬ ಸೇವಾಸಂಸ್ಥೆಯ ಮೂಲಕ ಅವರು ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕ್ರಿಕೆಟ್ ಕಲಿಸಬೇಕು, ಅದಕ್ಕೆ ಹಣ. ಎಡ್ವರ್ಡ್ಸ್ ಆ ಗುಂಪಿನಲ್ಲಿದ್ದರು. ಅಂದರೆ ವಿಶ್ವಕಪ್ ಗೆಲ್ಲುವ ಮೊದಲೇ ಅವರು ಶಾಲೆಯ ಮೈದಾನದಲ್ಲಿ ಮಕ್ಕಳ ಮುಂದೆ ನಿಂತು ಬ್ಯಾಟ್ ಹಿಡಿಯುವುದನ್ನು ತೋರಿಸುತ್ತಿದ್ದರು. ಪೂರ್ಣ ವೃತ್ತಿಪರ ಒಪ್ಪಂದ ಬಂದದ್ದು 2014ರಲ್ಲಿ, 18 ಮಂದಿಗೆ. ಆಗ ಅವರಿಗೆ 34. ತಾವು ಕಾದ ದಿನ ಬಂದು ಎರಡೇ ವರ್ಷಕ್ಕೆ ಹೊರಗೆ ಹೋಗಬೇಕಾಯಿತು.

ಆ ಒಂದು ನಿರ್ಧಾರ

ಮಾರ್ಕ್ ರಾಬಿನ್ಸನ್ ಇಂಗ್ಲೆಂಡ್ ಮಹಿಳಾ ತಂಡದ ಕೋಚ್ ಆದದ್ದು 2015ರ ಕೊನೆಗೆ. ಅದಕ್ಕೆ ಮುಂಚೆ ಸಸೆಕ್ಸ್ ಪುರುಷರ ತಂಡದಲ್ಲಿದ್ದರು. ಆ ವರ್ಷ ಆಸ್ಟ್ರೇಲಿಯಾ ವಿರುದ್ಧದ ಆ್ಯಷಸ್ ಸರಣಿಯನ್ನು ಇಂಗ್ಲೆಂಡ್ ತನ್ನ ನೆಲದಲ್ಲೇ ಸೋತಿತ್ತು. 2016ರ ಮಾರ್ಚ್ 30ರಂದು ದೆಹಲಿಯಲ್ಲಿ ಟಿ20 ವಿಶ್ವಕಪ್ ಸೆಮಿಫೈನಲ್. ಎದುರಾಳಿ ಮತ್ತೆ ಆಸ್ಟ್ರೇಲಿಯಾ. ಗುರಿ 133. ಎಡ್ವರ್ಡ್ಸ್ 31, ಟ್ಯಾಮಿ ಬೋಮಾಂಟ್ 32 ಹೊಡೆದು ಒಳ್ಳೆ ಆರಂಭ ಕೊಟ್ಟರು. ಆಮೇಲೆ ತಂಡ ಕುಸಿಯಿತು. 127ಕ್ಕೆ ನಿಂತಿತು. ಐದೇ ರನ್ ಸೋಲು. ತಂಡದ ಫಿಟ್‌ನೆಸ್ ಸಾಲದು ಎಂದು ರಾಬಿನ್ಸನ್ ಬಹಿರಂಗವಾಗಿಯೇ ಹೇಳಿದರು.

ರಾಬಿನ್ಸನ್ ಕಂಡದ್ದು ಹೀಗಿತ್ತು ಎಂದು ನನಗೆ ತೋರುತ್ತದೆ. ತಂಡ ಪೂರ್ತಿ ಒಬ್ಬರ ಮೇಲೆ ಒರಗಿದೆ. ಅವರು ಹೊಡೆದರೆ ರನ್ ಬರುತ್ತದೆ, ಅವರು ಔಟಾದರೆ ಉಳಿದವರು ಪರಸ್ಪರ ಮುಖ ನೋಡುತ್ತಾರೆ. ಅವರು ಡ್ರೆಸ್ಸಿಂಗ್ ರೂಮಿನಲ್ಲಿ ಇರುವವರೆಗೆ ಇದು ಬದಲಾಗದು. ನಾಯಕಿಯ ಸ್ಥಾನ ಮಾತ್ರ ತೆಗೆದು ಆಟಗಾರ್ತಿಯಾಗಿ ಇಟ್ಟುಕೊಂಡರೆ ಹೊಸ ನಾಯಕಿ ಸಹ ಹಳೆಯ ನಾಯಕಿಯ ಕಡೆಗೇ ತಿರುಗುತ್ತಾಳೆ. ಹಾಗಾಗಿ ಎರಡೂ ಬಾಗಿಲು ಒಟ್ಟಿಗೇ ಮುಚ್ಚಬೇಕು.

ಫಲಿತಾಂಶ ಅವರ ಪರವಾಗಿಯೇ ಬಂತು. ಇದನ್ನು ಪ್ರಾಮಾಣಿಕವಾಗಿ ಒಪ್ಪಲೇಬೇಕು. ಜೂನ್‌ನಲ್ಲಿ 25 ವರ್ಷದ ಹೆದರ್ ನೈಟ್ ನಾಯಕಿಯಾದರು. ಆರಂಭಿಕ ಸ್ಥಾನ ತೆರವಾಯಿತು. ಬೋಮಾಂಟ್ ಅದೇ ಬೇಸಿಗೆಯಲ್ಲಿ ಪಾಕಿಸ್ತಾನದ ವಿರುದ್ಧ ಎರಡು ಶತಕ ಹೊಡೆದರು. 2017ರ ವಿಶ್ವಕಪ್‌ನಲ್ಲಿ ಅವರು 410 ರನ್ ಮಾಡಿ ಸರಣಿಶ್ರೇಷ್ಠೆ ಆದರು. ಜುಲೈ 23ರ ಫೈನಲ್ ನಮಗೆ ಯಾರಿಗೂ ಮರೆಯುವಂಥದ್ದಲ್ಲ. ಲಾರ್ಡ್ಸ್‌ನಲ್ಲಿ ಭಾರತ 3 ವಿಕೆಟ್‌ಗೆ 191 ಇತ್ತು. ವೇದಾ ಕೃಷ್ಣಮೂರ್ತಿ ಕ್ರೀಸ್‌ನಲ್ಲಿದ್ದರು, ಕಪ್ ಕೈಗೆ ಬಂದಂತೆಯೇ ಇತ್ತು. ಆನ್ಯಾ ಶ್ರಬ್‌ಸೋಲ್ 46 ರನ್‌ಗೆ 6 ವಿಕೆಟ್ ಕಿತ್ತರು. ಒಂಬತ್ತು ರನ್‌ಗಳಿಂದ ಇಂಗ್ಲೆಂಡ್ ಗೆದ್ದಿತು. ಎಡ್ವರ್ಡ್ಸ್ ಆಗ ಇದ್ದದ್ದು ಕಾಮೆಂಟರಿ ಬಾಕ್ಸ್‌ನಲ್ಲಿ.

ಹಾಗಾದರೆ ನಿರ್ಧಾರ ಸರಿ ಅಲ್ವಾ? ನಾಯಕಿಯನ್ನು ಬದಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಹತ್ತು ವರ್ಷ ಬಹಳ ಆಯಿತು. ಆದರೆ ಟೂರ್ನಿಯಲ್ಲಿ ತಂಡದ ಪರ ಅತಿ ಹೆಚ್ಚು ರನ್ ಹೊಡೆದವರನ್ನು ಆರು ವಾರದಲ್ಲಿ ಬ್ಯಾಟರ್ ಆಗಿಯೂ ಬೇಡ ಅಂದದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ರನ್ನಿಗೆ ಬೆಲೆ ಇಲ್ಲ ಎಂದು ತಂಡದ ಕಿರಿಯರಿಗೆ ಅದು ಹೇಳಿದ ಹಾಗಾಗುತ್ತದೆ. ಹೊಸಬರಿಗೆ ಜಾಗ ಬೇಕಿತ್ತು, ನಿಜ. ಆ ಜಾಗಕ್ಕಾಗಿ ಎಲ್ಲರೂ ಒಂದು ಬೇಸಿಗೆ ಪೈಪೋಟಿ ನಡೆಸಬಹುದಿತ್ತು.

ಇನ್ನೊಂದು ಮಾತು ಇಲ್ಲಿ ಸೇರಿಸಬೇಕು. ಆಗ ಇಂಗ್ಲೆಂಡ್ ಮಹಿಳಾ ಕ್ರಿಕೆಟ್‌ನ ಆಡಳಿತ ನೋಡುತ್ತಿದ್ದವರು ಕ್ಲೇರ್ ಕಾನರ್. ಎಡ್ವರ್ಡ್ಸ್‌ಗಿಂತ ಮುಂಚೆ ನಾಯಕಿಯಾಗಿದ್ದವರು, ಅವರ ಜೊತೆ ವರ್ಷಗಟ್ಟಲೆ ಆಡಿದವರು. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಆ ಬೇಸಿಗೆಯ ಕೊನೆ

ಸುಮ್ನೆ ಮನೆಯಲ್ಲಿ ಕೂರಬಹುದಿತ್ತು. ಎಡ್ವರ್ಡ್ಸ್ ಕೂರಲಿಲ್ಲ. ಅದೇ 2016ರಲ್ಲಿ ಇಂಗ್ಲೆಂಡ್‌ನಲ್ಲಿ ಮಹಿಳೆಯರ ಹೊಸ ಟಿ20 ಲೀಗ್ ಶುರುವಾಗಿತ್ತು, ಕಿಯಾ ಸೂಪರ್ ಲೀಗ್. ಅವರು ಸದರ್ನ್ ವೈಪರ್ಸ್ ನಾಯಕಿ. ಆಗಸ್ಟ್ 14ರಂದು ಚೆಮ್ಸ್‌ಫರ್ಡ್‌ನಲ್ಲಿ ಫೈನಲ್. ಎದುರು ವೆಸ್ಟರ್ನ್ ಸ್ಟಾರ್ಮ್. ಅದರ ನಾಯಕಿ ಹೆದರ್ ನೈಟ್. ವೈಪರ್ಸ್ ಏಳು ವಿಕೆಟ್‌ಗಳಿಂದ ಗೆದ್ದಿತು. ದೇಶದ ತಂಡಕ್ಕೆ ಬೇಡವಾದ ನಾಯಕಿ, ತನ್ನ ಜಾಗಕ್ಕೆ ಬಂದ ನಾಯಕಿಯನ್ನು ಮೂರೇ ತಿಂಗಳಲ್ಲಿ ಫೈನಲ್‌ನಲ್ಲಿ ಸೋಲಿಸಿದ್ದರು.

ಈ ಇಬ್ಬರ ನಡುವೆ ಕಹಿ ಬೆಳೆಯಲು ಇದಕ್ಕಿಂತ ಒಳ್ಳೆಯ ನೆಲ ಬೇಕಿರಲಿಲ್ಲ. ಅದು ಬೆಳೆಯಲಿಲ್ಲ ಎಂಬುದು 2025ರಲ್ಲಿ ಗೊತ್ತಾಯಿತು.

ಮುಂದಿನ ವರ್ಷ ಎಡ್ವರ್ಡ್ಸ್ ಎಲ್ಲ ಬಗೆಯ ಕ್ರಿಕೆಟ್ ಆಡುವುದನ್ನೂ ಬಿಟ್ಟರು.

ವೈಪರ್ಸ್: ಕೋಚ್ ಹುಟ್ಟಿದ ಜಾಗ

ಅವರನ್ನು ಕೋಚ್ ಮಾಡಿದ್ದು ಐಪಿಎಲ್ ಥರದ ದೊಡ್ಡ ಲೀಗ್ ಅಲ್ಲ, ಇಂಗ್ಲೆಂಡಿನ ದೇಶಿ ಕ್ರಿಕೆಟ್. 2020ರಲ್ಲಿ ಅಲ್ಲಿನ ವ್ಯವಸ್ಥೆ ಬದಲಾಯಿತು. ದೇಶವನ್ನು ಎಂಟು ಪ್ರದೇಶಗಳಾಗಿ ಹಂಚಿದರು. ಇಂಗ್ಲೆಂಡ್ ತಂಡದಲ್ಲಿ ಇಲ್ಲದ ಹುಡುಗಿಯರಿಗೂ ಮೊದಲ ಸಲ ಸಂಬಳದ ಒಪ್ಪಂದ ಸಿಕ್ಕಿತು, ಮೊದಲಿಗೆ ನಲವತ್ತು ಚಿಲ್ಲರೆ ಮಂದಿಗೆ. ವೈಪರ್ಸ್ ಅದರಲ್ಲಿ ಒಂದು ತಂಡವಾಗಿ ಮುಂದುವರಿಯಿತು. ಎಡ್ವರ್ಡ್ಸ್ ಅದರ ಕೋಚ್.

ತಂಡ ಗೆದ್ದದ್ದನ್ನು ಬೇಗ ಹೇಳಿಬಿಡುತ್ತೇನೆ. 50 ಓವರ್‌ಗಳ ರೇಚಲ್ ಹೇಹೋ ಫ್ಲಿಂಟ್ ಟ್ರೋಫಿ 2020, 2021, 2023ರಲ್ಲಿ. ಟಿ20 ಕಪ್ 2022, 2023ರಲ್ಲಿ. ಆ ಟಿ20 ಕಪ್‌ನ ಹೆಸರೇ ಷಾರ್ಲಟ್ ಎಡ್ವರ್ಡ್ಸ್ ಕಪ್. ತಮ್ಮ ಹೆಸರಿನ ಕಪ್ಪನ್ನು ತಮ್ಮ ತಂಡವೇ ಎತ್ತಿಕೊಂಡದ್ದನ್ನು ಅವರು ಎರಡು ಸಲ ನೋಡಿದರು.

ಕಪ್ಪಿಗಿಂತ ನನ್ನ ಕಣ್ಣಿಗೆ ಬೀಳುವುದು ಆಟಗಾರ್ತಿಯರು. ಲಾರೆನ್ ಬೆಲ್, ಚಾರ್ಲಿ ಡೀನ್, ಮಾಯಾ ಬೂಶಿಯೆ, ಫ್ರೇಯಾ ಕೆಂಪ್. ಎಲ್ಲರೂ ವೈಪರ್ಸ್‌ನಲ್ಲಿ ಆಡಿ ಇಂಗ್ಲೆಂಡ್ ತಂಡಕ್ಕೆ ಹೋದವರು. ಇನ್ನು 2021ರ 50 ಓವರ್‌ಗಳ ಫೈನಲ್ ನೋಡಿ. ಏಳು ವಿಕೆಟ್ ಬಿದ್ದು ಪಂದ್ಯ ಕೈಬಿಟ್ಟಂತೆ ಆಗಿತ್ತು. ಎಮಿಲಿ ವಿಂಡ್ಸರ್ ಮತ್ತು ತಾರಾ ನಾರಿಸ್ ಕೊನೆಯವರೆಗೂ ಔಟಾಗದೆ ನಿಂತು ಗೆಲ್ಲಿಸಿದರು. ಇಬ್ಬರೂ ಇಂಗ್ಲೆಂಡ್ ತಂಡದಲ್ಲಿ ಇದ್ದವರಲ್ಲ. ತಾರಾ ನಾರಿಸ್ ಹೆಸರು ಆರ್‌ಸಿಬಿ ಅಭಿಮಾನಿಗಳಿಗೆ ನೆನಪಿರಬೇಕು. 2023ರ ಮೊದಲ ಡಬ್ಲ್ಯುಪಿಎಲ್‌ನಲ್ಲಿ, ಅಂದರೆ ಮಹಿಳೆಯರ ಪ್ರೀಮಿಯರ್ ಲೀಗ್‌ನಲ್ಲಿ, ಡೆಲ್ಲಿ ಪರ ನಮ್ಮ ತಂಡದ ಐದು ವಿಕೆಟ್ ಕಿತ್ತವರು ಅವರೇ. ಅಮೆರಿಕ ತಂಡಕ್ಕೆ ಆಡುತ್ತಿದ್ದ ಎಡಗೈ ವೇಗಿ.

ಇಲ್ಲಿ ಎಡ್ವರ್ಡ್ಸ್‌ರ ದಾರಿ ಸ್ಪಷ್ಟವಾಗುತ್ತದೆ. ದೇಶಿ ಕ್ರಿಕೆಟ್‌ನಲ್ಲಿ ಯಾರು ರನ್ ಹೊಡೆಯುತ್ತಾರೋ, ಯಾರು ವಿಕೆಟ್ ತೆಗೆಯುತ್ತಾರೋ, ಅವರ ಕಡೆ ನೋಡಬೇಕು. ವಯಸ್ಸು ಆಮೇಲೆ. 2016ರಲ್ಲಿ ತಮ್ಮ ರನ್ನಿಗೆ ಬೆಲೆ ಸಿಗದೆ ಹೊರಬಂದವರು ಹೀಗೆ ಯೋಚಿಸಿದ್ದು ಸಹಜ ಅನ್ನಿಸುತ್ತದೆ. ಅವರ ಮನಸ್ಸಿನೊಳಗೆ ಇಣುಕಿ ಹೇಳುತ್ತಿಲ್ಲ. ಅವರು ಮಾಡಿದ ಆಯ್ಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಾಗೆ ಕಾಣುತ್ತದೆ.

ಇಂಗ್ಲೆಂಡಿನ ನೂರು ಎಸೆತಗಳ ಲೀಗ್ ದಿ ಹಂಡ್ರೆಡ್‌ನಲ್ಲಿ ಸದರ್ನ್ ಬ್ರೇವ್ ಕೋಚ್ ಆಗಿ ಎರಡು ಫೈನಲ್ ಸೋತರು, 2021 ಮತ್ತು 2022ರಲ್ಲಿ, ಎರಡೂ ಓವಲ್ ಇನ್‌ವಿನ್ಸಿಬಲ್ಸ್ ಎದುರು. 2023ರಲ್ಲಿ ಗೆದ್ದರು. ಆ ತಂಡದಲ್ಲಿ ಸ್ಮೃತಿ ಮಂಧಾನ ಇದ್ದರು. 2014ರಲ್ಲಿ ವರ್ಮ್ಸ್‌ಲಿಯಲ್ಲಿ ಭಾರತ ಎಂಟು ಹೊಸಬರನ್ನು ಇಟ್ಟುಕೊಂಡು ಇಂಗ್ಲೆಂಡ್ ವಿರುದ್ಧ ಟೆಸ್ಟ್ ಗೆದ್ದಿತ್ತಲ್ಲ, ಆ ಎಂಟು ಮಂದಿಯಲ್ಲಿ ಸ್ಮೃತಿಯೂ ಒಬ್ಬರು. ಸೋತ ನಾಯಕಿ ಎಡ್ವರ್ಡ್ಸ್. 2023ರ ಬ್ರೇವ್ ತಂಡದ ನಾಯಕಿ ಆನ್ಯಾ ಶ್ರಬ್‌ಸೋಲ್, ಕಪ್ ಎತ್ತಿ ಆಟಕ್ಕೆ ವಿದಾಯ ಹೇಳಿದರು. ಹಿರಿಯ ಆಟಗಾರ್ತಿ ಹೀಗೂ ಹೋಗಬಹುದು.

ಮುಂಬೈ

2023ರಲ್ಲಿ ಡಬ್ಲ್ಯುಪಿಎಲ್ ಬಂತು. ಮುಂಬೈ ಇಂಡಿಯನ್ಸ್ ಎಡ್ವರ್ಡ್ಸ್‌ರನ್ನು ಹೆಡ್ ಕೋಚ್ ಮಾಡಿತು. ಅವರ ಜೊತೆ ಬೌಲಿಂಗ್‌ಗೆ ಜೂಲನ್ ಗೋಸ್ವಾಮಿ, ಬ್ಯಾಟಿಂಗ್‌ಗೆ ದೇವಿಕಾ ಪಾಲ್ಶಿಕರ್. ಮೂವರೂ ದೇಶಕ್ಕೆ ಆಡಿದ ಮಹಿಳೆಯರು.

ಆ ತಂಡದಲ್ಲಿ ಹರ್ಮನ್‌ಪ್ರೀತ್ ಕೌರ್, ನ್ಯಾಟ್ ಸಿವರ್-ಬ್ರಂಟ್, ಹೇಲಿ ಮ್ಯಾಥ್ಯೂಸ್ ಇದ್ದರು. ಆದರೆ ಮೊದಲ ವರ್ಷ ಬೆರಗು ಹುಟ್ಟಿಸಿದ್ದು ಬಂಗಾಳದ ಎಡಗೈ ಸ್ಪಿನ್ನರ್ ಸೈಕಾ ಇಶಾಕ್. 10 ಲಕ್ಷದ ಮೂಲಬೆಲೆಗೆ ಬಂದ ಹುಡುಗಿ. ಜೂಲನ್‌ಗೆ ಅವರ ಆಟ ಮೊದಲೇ ಗೊತ್ತಿತ್ತು. ಹೆಡ್ ಕೋಚ್ ಅವರನ್ನು ನಂಬಿ ಎಲ್ಲ ಪಂದ್ಯಗಳಲ್ಲೂ ಚೆಂಡು ಕೈಗೆ ಕೊಡಿಸಿದರು. ಸೈಕಾ 15 ವಿಕೆಟ್ ತೆಗೆದರು. ಮಾರ್ಚ್ 26ರಂದು ಬ್ರೆಬೋರ್ನ್‌ನಲ್ಲಿ ಡೆಲ್ಲಿಯನ್ನು ಏಳು ವಿಕೆಟ್‌ಗಳಿಂದ ಸೋಲಿಸಿ ಮುಂಬೈ ಮೊದಲ ಕಪ್ ಗೆದ್ದಿತು.

2024ರಲ್ಲಿ ಆರ್‌ಸಿಬಿ ಎದುರಿನ ಎಲಿಮಿನೇಟರ್ ಬಗ್ಗೆ ಕನ್ನಡಿಗರಿಗೆ ಜಾಸ್ತಿ ಹೇಳಬೇಕಿಲ್ಲ. ಮುಂಬೈಗೆ 18 ಎಸೆತಕ್ಕೆ 20 ರನ್ ಬೇಕಿತ್ತು. ನಮ್ಮ ಶ್ರೇಯಾಂಕಾ ಪಾಟೀಲ್ ಹರ್ಮನ್‌ಪ್ರೀತ್ ವಿಕೆಟ್ ತೆಗೆದರು. ಆಶಾ ಶೋಭನಾ ಕೊನೆಯ ಓವರ್ ಹಿಡಿದಿಟ್ಟರು. ಆರ್‌ಸಿಬಿಗೆ ಐದು ರನ್ ಗೆಲುವು, ಆಮೇಲೆ ಕಪ್. ಎಡ್ವರ್ಡ್ಸ್ ಡಗ್‌ಔಟ್‌ನಲ್ಲಿ ಕೂತು ಸೋಲು ನೋಡಬೇಕಾಯಿತು. ಮರುವರ್ಷ ಫೆಬ್ರುವರಿಯಲ್ಲಿ ಚಿನ್ನಸ್ವಾಮಿಯಲ್ಲಿ ಲೆಕ್ಕ ತೀರಿತು. ಎಲಿಸ್ ಪೆರಿ 81 ಹೊಡೆದರೂ ಮುಂಬೈ ಒಂದು ಎಸೆತ ಉಳಿಸಿ ಗೆದ್ದಿತು. ಕೊನೆಗೆ ಕ್ರೀಸ್‌ನಲ್ಲಿ ಇದ್ದವರಲ್ಲಿ ಒಬ್ಬಳು ಜಿ. ಕಮಲಿನಿ, 16 ವರ್ಷ. ಅಷ್ಟೊಂದು ಜನರ ಕೂಗಿನ ನಡುವೆ, ಅಂಥ ಒತ್ತಡದಲ್ಲಿ, ಆ ವಯಸ್ಸಿನ ಹುಡುಗಿ ಕೈ ನಡುಗದೆ ಹೊಡೆದಳು. ಆರ್‌ಸಿಬಿ ಸೋತ ಬೇಸರದಲ್ಲೂ ನನಗೆ ಅದು ಖುಷಿ ಕೊಟ್ಟಿತು. 16ಕ್ಕೇ ದೊಡ್ಡವರ ಕ್ರಿಕೆಟ್‌ಗೆ ಬಂದ ಕೋಚ್‌ಗೆ 16 ವರ್ಷದವಳನ್ನು ಕಣಕ್ಕಿಳಿಸಲು ಹೆದರಿಕೆ ಇರುವುದಿಲ್ಲ.

2025ರ ಮಾರ್ಚ್ 15ರಂದು ಮುಂಬೈ ಎರಡನೇ ಸಲ ಕಪ್ ಗೆದ್ದಿತು, ಎಂಟು ರನ್‌ಗಳಿಂದ. ಅದಾಗಿ ಮೂರು ವಾರ ತುಂಬುವ ಮೊದಲೇ ಎಡ್ವರ್ಡ್ಸ್ ಇಂಗ್ಲೆಂಡ್ ಕೋಚ್.

ಅದೇ ಪ್ರಶ್ನೆ, ಈ ಕಡೆಯಿಂದ

ಆಗ ಇಂಗ್ಲೆಂಡ್ ತಂಡದ ಸ್ಥಿತಿ ಹೇಗಿತ್ತು? 2024ರ ಟಿ20 ವಿಶ್ವಕಪ್‌ನಲ್ಲಿ ಗುಂಪಿನ ಹಂತದಲ್ಲೇ ಹೊರಗೆ. 2025ರ ಜನವರಿ, ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಆ್ಯಷಸ್. ಮೂರು ಏಕದಿನ, ಮೂರು ಟಿ20, ಒಂದು ಟೆಸ್ಟ್. ಏಳರಲ್ಲೂ ಸೋಲು. ಅಂಕ 16-0. ಮಾರ್ಚ್‌ನಲ್ಲಿ ಕೋಚ್ ಜಾನ್ ಲೂಯಿಸ್ ಹೋದರು. ಮರುದಿನ ಹೆದರ್ ನೈಟ್ ನಾಯಕಿ ಸ್ಥಾನ ಕಳೆದುಕೊಂಡರು. ಒಂಬತ್ತು ವರ್ಷ ಮುನ್ನಡೆಸಿದ್ದರು, ವಿಶ್ವಕಪ್ ಗೆದ್ದುಕೊಟ್ಟಿದ್ದರು.

ಆ ಹೊತ್ತಿಗೆ ತಂಡದ ಹೊಣೆ ಹೊತ್ತಿದ್ದವರು ಮತ್ತದೇ ಕ್ಲೇರ್ ಕಾನರ್. 2016ರಲ್ಲಿ ಎಡ್ವರ್ಡ್ಸ್ ಹೊರಟಾಗ ಮಂಡಳಿಯಲ್ಲಿ ಇದ್ದವರೇ 2025ರಲ್ಲಿ ಅವರನ್ನು ಕರೆತಂದರು. ಇಂಥ ಕರೆಗೆ ಒಪ್ಪಲೂ ದೊಡ್ಡ ಮನಸ್ಸು ಬೇಕು, ಕರೆಯಲೂ ಬೇಕು.

ನೈಟ್ ನಾಯಕಿಯಾಗಿ ಮುಂದುವರಿಯಬೇಕೇ ಎಂಬ ತೀರ್ಮಾನ ಎಡ್ವರ್ಡ್ಸ್ ಬರುವ ಮೊದಲೇ ಆಗಿತ್ತು. ಉಳಿದದ್ದು ಎರಡನೇ ಬಾಗಿಲು. 34 ವರ್ಷದ ನೈಟ್ ಆಟಗಾರ್ತಿಯಾಗಿ ಇರಬೇಕೇ? ಹೊಸ ನಾಯಕಿ ಸಿವರ್-ಬ್ರಂಟ್. ಹಳೆ ನಾಯಕಿ ಪಕ್ಕದಲ್ಲೇ ಇದ್ದರೆ ತೊಂದರೆ ಎಂಬ 2016ರ ವಾದವನ್ನು ಇಲ್ಲೂ ಹೂಡಬಹುದಿತ್ತು. ಎಡ್ವರ್ಡ್ಸ್ ಹೂಡಲಿಲ್ಲ. ಮೇ ತಿಂಗಳಲ್ಲಿ ಅವರ ಮೊದಲ ಸರಣಿ ವೆಸ್ಟ್ ಇಂಡೀಸ್ ವಿರುದ್ಧ. ನೈಟ್ ತಂಡದಲ್ಲಿದ್ದರು.

ಅದೇ ಸರಣಿಯಲ್ಲಿ ಇನ್ನೂ ಎರಡು ಆಯ್ಕೆ ಗಮನಿಸಬೇಕು. ಏಕದಿನದಲ್ಲಿ ಏಮಿ ಜೋನ್ಸ್ ಮತ್ತು ಟ್ಯಾಮಿ ಬೋಮಾಂಟ್ ಆರಂಭಿಕರು. ಇಬ್ಬರೂ ಮೂವತ್ತು ದಾಟಿದವರು. ಮೊದಲೆರಡು ಪಂದ್ಯಗಳಲ್ಲೂ ಇಬ್ಬರೂ ಶತಕ ಹೊಡೆದರು. ಜೋನ್ಸ್‌ಗೆ ಅವು ಮೊದಲ ಅಂತರರಾಷ್ಟ್ರೀಯ ಶತಕಗಳು. ಬೋಮಾಂಟ್ ಅಂದರೆ 2016ರಲ್ಲಿ ಎಡ್ವರ್ಡ್ಸ್ ಜೊತೆ ಇನಿಂಗ್ಸ್ ಶುರು ಮಾಡಿ, ಅವರು ಹೊರಗಾದ ಮೇಲೂ ಆರಂಭಿಕ ಜಾಗದಲ್ಲಿ ಉಳಿದವರೇ. ಆ ಜಾಗವನ್ನು ಅವರಿಗೆ ಇನ್ನಷ್ಟು ಭದ್ರ ಮಾಡಿದವರು ಎಡ್ವರ್ಡ್ಸ್. ಇನ್ನೊಬ್ಬರು ಲಿನ್ಸಿ ಸ್ಮಿತ್. ಎಡಗೈ ಸ್ಪಿನ್ನರ್. 2018ರಲ್ಲೇ ಟಿ20ಗೆ ಬಂದು ವರ್ಷಗಟ್ಟಲೆ ಕಣ್ಣಿಂದ ಮರೆಯಾಗಿದ್ದವರು, ವೈಪರ್ಸ್‌ನಲ್ಲಿ ಎಡ್ವರ್ಡ್ಸ್ ಕೈಕೆಳಗೆ ಆಡಿದವರು. 30ನೇ ವಯಸ್ಸಿನಲ್ಲಿ ಏಕದಿನಕ್ಕೆ ಕಾಲಿಟ್ಟು ಮೊದಲ ಪಂದ್ಯದಲ್ಲೇ ಐದು ವಿಕೆಟ್ ತೆಗೆದರು.

ತಮ್ಮ ಹಳೆಯ ತಂಡದವರಿಗೇ ಮಣೆ ಹಾಕುತ್ತಾರೆ ಎಂದು ಯಾರಾದರೂ ದೂರಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಗೊತ್ತಿರುವವರನ್ನು ನಂಬುವುದು ಕೋಚ್‌ಗಳಿಗೆ ಸುಲಭ. ನಾನೂ ಮಾಡುತ್ತೇನೆ. ಆದರೆ ಸ್ಮಿತ್ ವಿಷಯದಲ್ಲಿ ವಿಕೆಟ್‌ಗಳೇ ಉತ್ತರ ಕೊಟ್ಟವು.

ಜೂನ್, ಜುಲೈಯಲ್ಲಿ ಭಾರತ ಇಂಗ್ಲೆಂಡಿಗೆ ಹೋಯಿತು. ನಾಟಿಂಗ್‌ಹ್ಯಾಂನಲ್ಲಿ ಮೊದಲ ಟಿ20ಯಲ್ಲೇ ಸ್ಮೃತಿ 112 ಹೊಡೆದು ತಮ್ಮ ಹಳೆಯ ಕೋಚ್‌ಗೆ 97 ರನ್‌ಗಳ ಸೋಲು ಕೊಟ್ಟರು. ಟಿ20 ಸರಣಿ 3-2, ಏಕದಿನ 2-1, ಎರಡೂ ಭಾರತದ್ದು. ನೈಟ್ ತೊಡೆಯ ಸ್ನಾಯುವಿನ ಗಾಯದಿಂದ ಹೊರಗಿದ್ದರು. ಅವರಿಲ್ಲದೆ ಮಧ್ಯದ ಬ್ಯಾಟಿಂಗ್ ಅಲುಗಾಡಿತು. ಹಿರಿಯರನ್ನು ಬಿಟ್ಟರೆ ತಂಡ ತಾನಾಗಿ ಬೆಳೆಯುತ್ತದೆ ಎಂಬ ಮಾತು ಆ ಬೇಸಿಗೆಯಲ್ಲಿ ನಿಜವಾಗಲಿಲ್ಲ.

ಗುವಾಹಟಿ, ಇಂದೋರ್, ಮತ್ತೆ ಗುವಾಹಟಿ

2025ರ ಏಕದಿನ ವಿಶ್ವಕಪ್ ಭಾರತ ಮತ್ತು ಶ್ರೀಲಂಕಾದಲ್ಲಿ. ಗಾಯದಿಂದ ಚೇತರಿಸಿಕೊಂಡ ನೈಟ್ ಮೂರನೇ ಕ್ರಮಾಂಕಕ್ಕೆ ಬಂದರು. ಅಕ್ಟೋಬರ್ 3ರಂದು ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾ 69ಕ್ಕೆ ಆಲೌಟ್. ಲಿನ್ಸಿ ಸ್ಮಿತ್ 7 ರನ್‌ಗೆ 3 ವಿಕೆಟ್. ಅದೇ ಊರಿನಲ್ಲಿ ಬಾಂಗ್ಲಾದೇಶದ ವಿರುದ್ಧ ಇಂಗ್ಲೆಂಡ್ ಎಡವಿ ಬೀಳುವ ಹಂತಕ್ಕೆ ಹೋಗಿತ್ತು. ನೈಟ್ ಔಟಾಗದೆ 79 ಮಾಡಿ ದಡ ಸೇರಿಸಿದರು.

ಅಕ್ಟೋಬರ್ 19, ಇಂದೋರ್, ಭಾರತದ ವಿರುದ್ಧ. ನೈಟ್‌ಗೆ ಅದು ಇಂಗ್ಲೆಂಡ್ ಪರ 300ನೇ ಪಂದ್ಯ. 91 ಎಸೆತದಲ್ಲಿ 109 ಹೊಡೆದರು. ತಂಡ 288 ಗಳಿಸಿತು. ಸ್ಮೃತಿ 88, ಹರ್ಮನ್‌ಪ್ರೀತ್ 70, ದೀಪ್ತಿ 50. ಆದರೂ ಭಾರತ 284ಕ್ಕೆ ನಿಂತಿತು. ಟಿವಿ ಮುಂದೆ ಕೂತ ನಮಗೆಲ್ಲ ಹೊಟ್ಟೆ ಉರಿದ ರಾತ್ರಿ ಅದು. ಈಗ ತಣ್ಣಗೆ ಯೋಚಿಸಿದರೆ ಬೇರೊಂದು ಕಾಣುತ್ತದೆ. ನಾಯಕಿ ಸ್ಥಾನ ಹೋಗಿ ಏಳು ತಿಂಗಳು. ತಲೆ ಮೇಲೆ ಭಾರವಿಲ್ಲ, ಬ್ಯಾಟ್ ಮಾತ್ರ ಕೈಯಲ್ಲಿದೆ. 2016ರ ಬೇಸಿಗೆಯಲ್ಲಿ ಎಡ್ವರ್ಡ್ಸ್‌ಗೆ ಆಡಲು ಸಿಗದೆ ಹೋದ ಇನಿಂಗ್ಸ್ ಹೇಗಿರಬಹುದಿತ್ತು ಎಂದು ಕೇಳಿದರೆ ನಾನು ಇಂದೋರ್‌ನ ಈ 109 ತೋರಿಸುತ್ತೇನೆ.

ನಮ್ಮ ಕರ್ನಾಟಕಕ್ಕೂ ಇದರಲ್ಲಿ ಕೆಲಸವಿದೆ. ಮಮತಾ ಮಾಬೆನ್ ನಮ್ಮವರು, ಭಾರತದ ನಾಯಕಿಯಾಗಿದ್ದವರು. 2004ರಲ್ಲಿ ಕ್ಯಾಂಡಿಯಲ್ಲಿ ಶ್ರೀಲಂಕಾ ವಿರುದ್ಧ 10 ರನ್‌ಗೆ 6 ವಿಕೆಟ್ ಕಿತ್ತವರು. ಆಮೇಲೆ ಬಾಂಗ್ಲಾದೇಶಕ್ಕೆ, ಚೀನಾಕ್ಕೆ ಹೋಗಿ ಮಹಿಳಾ ತಂಡಗಳಿಗೆ ಕೋಚಿಂಗ್ ಮಾಡಿದರು. ಆಟಗಾರ್ತಿಯಿಂದ ಕೋಚ್ ಆಗುವ ದಾರಿ ನಮ್ಮಲ್ಲೂ ಇತ್ತು. ಆದರೆ ಆ ದಾರಿಯ ನಡುವೆ ವೈಪರ್ಸ್ ಥರದ, ಸಂಬಳದ, ವರ್ಷಪೂರ್ತಿ ನಡೆಯುವ ದೇಶಿ ತಂಡ ಇರಲಿಲ್ಲ. ಎಡ್ವರ್ಡ್ಸ್ ಆ ಐದಾರು ವರ್ಷ ತಪ್ಪು ಮಾಡಿ, ಫೈನಲ್ ಸೋತು, ಮತ್ತೆ ಕಟ್ಟಿ ಕಲಿತರು. ಕೋಚ್ ಆಗಲು ಹೊರಟ ನಮ್ಮ ಹುಡುಗಿಯರಿಗೆ ಅಂಥ ಜಾಗ ಬೇಕು.

ಅಕ್ಟೋಬರ್ 29. ಮತ್ತೆ ಗುವಾಹಟಿ, ಮತ್ತೆ ದಕ್ಷಿಣ ಆಫ್ರಿಕಾ, ಈ ಸಲ ಸೆಮಿಫೈನಲ್. ಲಾರಾ ವೋಲ್ವಾರ್ಟ್ 169 ಹೊಡೆದರು. ಗುರಿ 320. ಮರಿಜಾನ್ ಕ್ಯಾಪ್ ಮೊದಲ ಓವರಿನಲ್ಲೇ ಏಮಿ ಜೋನ್ಸ್ ಮತ್ತು ಹೆದರ್ ನೈಟ್ ಇಬ್ಬರನ್ನೂ ಕೆಡವಿದರು. ಮರು ಓವರಿನಲ್ಲಿ ಬೋಮಾಂಟ್. ಮೂವರದ್ದೂ ಸೊನ್ನೆ. ತಂಡದ ಮೊತ್ತ ಒಂದು ರನ್, ಹೋದ ವಿಕೆಟ್ ಮೂರು. ಎಡ್ವರ್ಡ್ಸ್ ನಂಬಿ ಇಟ್ಟುಕೊಂಡ ಮೂವರು ಹಿರಿಯರೂ ಹತ್ತೇ ನಿಮಿಷದಲ್ಲಿ ಡಗ್‌ಔಟ್‌ನಲ್ಲಿದ್ದರು. ಸಿವರ್-ಬ್ರಂಟ್ 64 ಮಾಡಿದರು. ಜೊತೆ ಕೊಟ್ಟು 50 ಹೊಡೆದವಳು 21 ವರ್ಷದ ಆಲಿಸ್ ಕ್ಯಾಪ್ಸಿ. 194ಕ್ಕೆ ಆಲೌಟ್. 125 ರನ್ ಸೋಲು.

ರಾಬಿನ್ಸನ್‌ಗೆ 2016ರಲ್ಲಿ ದೆಹಲಿಯ ಸೆಮಿಫೈನಲ್ ಏನಾಗಿತ್ತೋ, ಎಡ್ವರ್ಡ್ಸ್‌ಗೆ 2025ರಲ್ಲಿ ಗುವಾಹಟಿಯ ಸೆಮಿಫೈನಲ್ ಅದೇ ಆಯಿತು. ಆ ಡಿಸೆಂಬರ್‌ನಲ್ಲಿ ನೈಟ್‌ಗೆ 35 ತುಂಬಿತು. ಬೆಂಗಳೂರಿನಲ್ಲಿ 60 ಹೊಡೆದ ದಿನ ಎಡ್ವರ್ಡ್ಸ್‌ಗೆ 36.